ಮೂವತ್ತೇಳು ಕುದುರೆ, ಐದು ಬುಟ್ಟಿ ಬುತ್ತಿ

"ನಾ ಇರೋತನಕ ಈ ಮನಿ ಬುತ್ತಿ ಬಾಡಿಗಿ ಜೀಪಿನ್ಯಾಗ ಹೋಗಂಗಿಲ್ಲ!"

ಸೇಡಂನ ತನ್ನ ಮನೆಯ ಪಡಸಾಲೆಯಲ್ಲಿ ನಿಂತು, ಬಲಗೈ ಮೇಲೆತ್ತಿ, ಒಂಬತ್ತನೇ ತರಗತಿಗೆ ಇತಿಹಾಸ ಬೋಧಿಸುವ ದನಿಯಲ್ಲೇ ಕಾಶೀನಾಥ ಮಾಸ್ತರ ಈ ಘೋಷಣೆ ಮಾಡಿದ. ಮಳಖೇಡದ ಕೋಟೆಯಿಂದ ರಾಷ್ಟ್ರಕೂಟರು ದಂಡು ಹೊರಡಿಸಿದಾಗಲೂ ಇಷ್ಟು ಗಟ್ಟಿಯಾಗಿ ಯಾರೂ ಕೂಗಿರಲಿಕ್ಕಿಲ್ಲ.

ಒಳಗಿನಿಂದ ಹೆಂಡತಿ ಮಹಾನಂದಾ ಕೇಳಿದಳು, "ಮುಗೀತೇನ್ರಿ? ಮುಗದಿದ್ರ ಈ ಕೊಬ್ರಿ ಒಂದಿಷ್ಟು ಹೆರದು ಕೊಡ್ರಿ."

ಕಾಶೀನಾಥ ತೀರಿಕೊಂಡು ಈ ದೀಪಾವಳಿಗೆ ವರ್ಷವಾಗುತ್ತದೆ. ಈ ಕಥೆಯನ್ನು ಅವನೇ ಹೇಳಬೇಕಿತ್ತು. ಹೇಳುವಾಗಲೆಲ್ಲ ಸಿಟ್ಟಾಗುತ್ತಿದ್ದ, ಕೇಳುವವರು ನಕ್ಕಷ್ಟೂ ಅವನ ಸಿಟ್ಟು ಏರುತ್ತಿತ್ತು. ಈಗ ಅವನ ವ್ಯಾನಿನ ಪರವಾಗಿ ಸಿಟ್ಟಾಗಲು ಯಾರೂ ಉಳಿದಿಲ್ಲ. ಆ ಕೆಲಸ ಗೆಳೆಯನಾದ ನನ್ನ ಪಾಲಿಗೆ ಬಂದಿದೆ.

ವ್ಯಾನು ಅಂದರೆ ಎಂಥ ವ್ಯಾನು! ಎಂಬತ್ತೊಂಬತ್ತರ ಮಾಡಲ್. ಶಹಾಬಾದಿನ ಒಂದು ಬೇಕರಿಯಲ್ಲಿ ಏಳು ವರ್ಷ ಸೇವೆ ಸಲ್ಲಿಸಿ ನಿವೃತ್ತಿ ಹೊಂದಿದ್ದನ್ನು ಕಾಶೀನಾಥ ತಂದಿದ್ದ. ಸಾಮಾನು ಸಾಗಿಸುವ ಗಾಡಿಯಾದ್ದರಿಂದ ಹಿಂದೆ ಸೀಟೇ ಇಲ್ಲ, ಬರೀ ತಗಡಿನ ನೆಲ. ಮೈಗೆ ಬಿಳಿ ಬಣ್ಣ ಬಳಿಸಿದ್ದರೂ ಅದರ ಅಡಿಯಿಂದ 'ತಾಜಾ ಬನ್, ಖಾರಿ, ಟೋಸ್ಟ್' ಎಂಬ ಕೆಂಪು ಅಕ್ಷರಗಳು ಇಣುಕುತ್ತಲೇ ಇದ್ದವು. ಸೇಡಂನ ಜನ ಅದನ್ನು ಬನ್ನಿನ ಗಾಡಿ ಎನ್ನುತ್ತಿದ್ದರು. ಹಾಗೆಂದವರ ಜೊತೆ ಕಾಶೀನಾಥ ಒಂದು ವಾರ ಮಾತು ಬಿಡುತ್ತಿದ್ದ!

"ಇದರ ಕುಲ ಗೊತ್ತೇನು ನಿಮಗ?" ಎಂದು ಶುರುಮಾಡುತ್ತಿದ್ದ. "ಜಪಾನಿನ್ಯಾಗ ಒಬ್ಬ ಬಡಗಿ ಇದ್ದ. ತಾಯಿ ಮಗ್ಗದ ಮುಂದ ಕುಂತು ಬೆನ್ನು ಮುರಕೊಳ್ಳೋದು ನೋಡಲಾರದ ಆಕೀಗೊಂದು ಹೊಸಾ ಮಗ್ಗ ಮಾಡಿಕೊಟ್ಟ. ಸಾವಿರದ ಒಂಬೈನೂರ ಒಂಬತ್ತರಾಗ ಮಗ್ಗದ ಕಾರ್ಖಾನಿ ಹಾಕಿದ. ಮುಂದ ಅರಿವಿ ವ್ಯಾಪಾರ ಬಿತ್ತು. ಆಗ ಆ ಮಂದಿ ಏನು ಮಾಡಿದ್ರು? ಸೈಕಲ್ಲಿಗೆ ಸಣ್ಣ ಇಂಜಿನ್ ಕಟ್ಟಿದ್ರು! ಎದುರುಗಾಳಿಗೆ ಪೆಡಲ್ ತುಳಿದು ಸಾಕಾಗಿತ್ತಂತ. ಅಲ್ಲಿಂದ ಕಾರು, ಅಲ್ಲಿಂದ ಈ ವ್ಯಾನು. ತಾಯಿ ಸಲುವಾಗಿ ಶುರುವಾದ ಕಂಪನಿ ಅದು! ಅದರ ಗಾಡಿಗಿ ಬನ್ನು ಅಂತೀರಿ!"

ಇಂಜಿನ್ನಿನ ಶಕ್ತಿ ಮೂವತ್ತೇಳು ಕುದುರೆ. ಈ ಅಂಕಿಯನ್ನು ಅವನು ಪಾಣಿಪತ್ ಯುದ್ಧದ ಇಸವಿಗಿಂತ ಹೆಚ್ಚು ಸಲ ಉಚ್ಚರಿಸಿದ್ದಾನೆ.

ಎರಡು ಸಾವಿರದ ಎರಡನೇ ಇಸವಿಯ ಆ ಬುಧವಾರ ಚಿಂಚೋಳಿಯಲ್ಲಿ ತಂಗಿ ಶಿವರಂಜನಿಯ ಕುಬಸ, ಅಂದರೆ ಸೀಮಂತ. ಏಳು ತಿಂಗಳ ಬಸುರಿ. ತವರಿನಿಂದ ಐದು ಬುಟ್ಟಿ ಬುತ್ತಿ, ಹಸಿರು ಸೀರೆ, ಹಸಿರು ಬಳೆ ಹೋಗಬೇಕು. ತವರಿನವರು ಉಡಿ ತುಂಬಬೇಕು. ತಂದೆತಾಯಿ ಇಲ್ಲ. ತವರು ಎಂದರೆ ಕಾಶೀನಾಥನೇ. ಹನ್ನೆರಡಕ್ಕೆ ರಾಹುಕಾಲ ಹತ್ತುತ್ತದೆ, ಅದರೊಳಗೆ ಬುತ್ತಿ ಹೊಸ್ತಿಲು ದಾಟಬೇಕು. ತಂಗಿಯ ಅತ್ತೆ ಗುರುಲಿಂಗಮ್ಮ ಮದುವೆಯ ಚಪ್ಪರದಲ್ಲೇ "ಹೆಣ್ಣಿನವರು ಊಟಕ್ಕ ಮಾತ್ರ ಹೊತ್ತಿಗಿ ಸರಿಯಾಗಿ ಬರತಾರ" ಎಂದು ನಾಲ್ಕು ಜನರ ಮುಂದೆ ಅಂದಿದ್ದಳು. ಈ ಸಲ ತಡವಾದರೆ ಆ ಮಾತನ್ನು ಶಿವರಂಜನಿ ಬಾಣಂತಿತನ ಮುಗಿಯುವವರೆಗೆ ಕೇಳಬೇಕು. ಇದು ಕಾಶೀನಾಥನಿಗೆ ಚೆನ್ನಾಗಿ ಗೊತ್ತಿತ್ತು. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ.

ಹೊರಡುವಾಗ ಅವನಿಗೊಂದು ದಿವ್ಯ ವಿಚಾರ ಹೊಳೆಯಿತು. ಆ ವ್ಯಾನಿನ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಕೂತವರ ತೊಡೆ ಬೇಯುವಷ್ಟು ಕಾವು. "ಆ ಕಾವು ಸುಮ್ಮನ ಹಾಳಾಗತದ! ಹೋಳಿಗಿ ಅಲ್ಲಿಟ್ರ ಚಿಂಚೋಳಿತನಕ ಬಿಸಿಬಿಸಿ! ಬೀಗತಿ ಬಾಯಿ ಮುಚ್ಚಿ ಹೋಗಬೇಕು!"

ಹೋಳಿಗೆಯನ್ನು ಚಪ್ಪಟೆ ಸ್ಟೀಲ್ ಡಬ್ಬಿಗೆ ತುಂಬಿ, ತನ್ನ ಹಳೇ ಧೋತರದಲ್ಲಿ ಸುತ್ತಿ, ಸೀಟು ಎತ್ತಿ ಇಂಜಿನ್ನಿನ ಮಗ್ಗುಲಿಗೆ ತುರುಕಿದ. ಧೋತರದ ತುದಿ ಜೋತುಬಿದ್ದಿತ್ತು.

"ಅರಿವಿ ಒಳಗೆಲ್ಲ್ಯಾರ ಸಿಕ್ಕೀತು ನೋಡ್ರಿ," ಎಂದಳು ಮಹಾನಂದಾ.

"ಇಂಜಿನ್ ಬಗ್ಗೆ ನನಗ ಹೇಳತಿ ನೀ?"

ಅವಳು ಹಿಂದೆ ಜಮಖಾನೆ ಹಾಸಿ, ಎರಡು ಬುಟ್ಟಿಗಳ ನಡುವೆ ಕೂತಳು. ಉಳಿದ ಮೂರನ್ನು ತಬ್ಬಿಕೊಂಡು ಪಕ್ಕದ ಮನೆಯ ಖುರ್ಷಿದಬೇಗಂ ಕೂತಳು. ಶಿವರಂಜನಿಗೆ ಮೊದಲ ಲಂಗ ಹೊಲಿದುಕೊಟ್ಟ ಹಿರಿಯ ಜೀವ ಅದು. ಅವಳಿಲ್ಲದೆ ಆ ಮನೆಯ ಯಾವ ಕಾರ್ಯವೂ ಆಗುತ್ತಿರಲಿಲ್ಲ.

"ಬಿಸ್ಮಿಲ್ಲಾ ಅನ್ನು ಬೇಟಾ, ಹೊಡಿ ಗಾಡಿ," ಎಂದಳು ಖುರ್ಷಿದಬೇಗಂ.

ಬಯಲಿನಲ್ಲಿ ವ್ಯಾನು ಚೆನ್ನಾಗಿಯೇ ಓಡಿತು. ಕಾಶೀನಾಥ ಹಾಡಿದ ಕೂಡ. ಸುಲೇಪೇಟ ದಾಟಿ ಏರು ಶುರುವಾದದ್ದೇ ತಡ, ಗಾಡಿಗೆ ಉಬ್ಬಸ ಹತ್ತಿತು. ಕಾಲು ಒತ್ತಿದಷ್ಟೂ ಕೆಮ್ಮುತ್ತದೆ, ಬಿಟ್ಟರೆ ಸುಮ್ಮನಾಗುತ್ತದೆ. ಮೂರನೇ ಗೇರಿನಿಂದ ಎರಡು, ಎರಡರಿಂದ ಒಂದು. ಒಬ್ಬ ಮುದುಕ ಎಮ್ಮೆ ಹೊಡೆದುಕೊಂಡು ಪಕ್ಕದಲ್ಲೇ ದಾಟಿ ಹೋದ. ಎಮ್ಮೆ ತಿರುಗಿ ನೋಡಿತು!

ಏರಿನ ನಡುಮಧ್ಯೆ ಗಾಡಿ ನಿಂತಿತು.

"ಪೆಟ್ರೋಲಿನ್ಯಾಗ ಸೀಮೆಎಣ್ಣಿ ಕಲಸ್ಯಾರ!" ಎಂದು ಕಾಶೀನಾಥ ಇಳಿದು ಗರ್ಜಿಸಿದ. "ಕಳ್ಳ ನನ್ಮಕ್ಕಳು! ಈ ರಸ್ತಾ ನೋಡು, ಇದಕ್ಕ ರಸ್ತಾ ಅಂತಾರ? ಟೆಂಡರ್ ತಗೊಂಡಾಂವನ್ನ ಇಲ್ಲೇ ತಂದು ನಿಲ್ಲಿಸಬೇಕು! ನೀನರ ಇಷ್ಟು ಚಕ್ಕುಲಿ ಯಾಕ ಮಾಡಿದಿ? ವಜನ್ ಆಗಂಗಿಲ್ಲೇನು?"

"ಕುಬಸಕ್ಕ ಚಕ್ಕುಲಿ ಮಾಡಲಾರದ ಜಪಾನಿನ ಇತಿಹಾಸ ಒಯ್ಯಬೇಕಿತ್ತೇನು? ಹನ್ನೊಂದು ಹೊಡೀತ್ರಿ."

ಖುರ್ಷಿದಬೇಗಂ ಬಾಗಿಲು ಸರಿಸಿ ಮುಖ ಹೊರಹಾಕಿದಳು. "ದಮ್ಮಿನ ಗೋಳಿ ನನ್ನ ಚೀಲದಾಗ ಅದ ಬೇಟಾ. ಅರ್ಧ ಹಾಕಿ ನೋಡೋಣೇನು ಗಾಡಿಗಿ?"

"ಖಾಲಾ!" ಎಂದ ಕಾಶೀನಾಥ. "ನೀವೂನಾ?"

ಅಷ್ಟರಲ್ಲಿ ಕೆಳಗಿನಿಂದ ಒಂದು ಟ್ರ್ಯಾಕ್ಟರ್ ಬಂತು. ಕೋಡ್ಲಾದಲ್ಲಿ ಲೋಡು ಇಳಿಸಿ, ಖಾಲಿ ಟ್ರೇಲರ್ ಕಟ್ಟಿಕೊಂಡು ಚಿಂಚೋಳಿಗೆ ಮರಳುತ್ತಿದ್ದ ಚಂದ್ರಾಮ ಎಂಬಾತ ಅದರ ಡ್ರೈವರ್. ಗಾಡಿಯನ್ನೂ, ಅದರ ಮೈಮೇಲಿನ ಅಕ್ಷರಗಳನ್ನೂ ಸಾವಕಾಶವಾಗಿ ಓದಿದ.

"ಯಾಕ್ರಿ ಸಾವ್ಕಾರ, ಖಾರಿ ಭಾಳ ತುಂಬೀರೇನು?"

"ಬೇಕರಿ ಗಾಡಿ ಅಲ್ಲೋ ಇದು! ಮೂವತ್ತೇಳು ಕುದುರಿ ಶಕ್ತಿ ಅದ ಇದಕ್ಕ!"

"ಹೌದೇನ್ರಿ? ಹಾಂಗಾದ್ರ ಅದರಾಗ ಎರಡು ಇಳಿಸಿ ಮುಂದ ಕಟ್ರಿ."

"ನಗತಿ? ತಮ್ಮಾ, ಸಾವಿರದ ಒಂಬೈನೂರ ಒಂಬತ್ತರಾಗ..." ಎಂದು ಕಾಶೀನಾಥ ಶುರುಮಾಡಿದ. ಚಂದ್ರಾಮ ಹಗ್ಗ ಕಟ್ಟಿ ಎಳೆಯುತ್ತೇನೆಂದ. ಹಗ್ಗ! ತಾಯಿಯ ಪ್ರೀತಿಯಿಂದ ಹುಟ್ಟಿದ ಕಂಪನಿಯ ಗಾಡಿಗೆ ಹಗ್ಗ! ಕಾಶೀನಾಥ ಉರಿದುಹೋದ.

ಮಹಾನಂದಾ ಇಬ್ಬರ ವಾದ ಕೇಳುತ್ತ ಕೂರಲಿಲ್ಲ. ಒಂದೊಂದೇ ಬುಟ್ಟಿ ಹೊತ್ತು ಟ್ರೇಲರಿಗೆ ಏರಿಸಿದಳು. ಖುರ್ಷಿದಬೇಗಂಳನ್ನು ಕೈಹಿಡಿದು ಹತ್ತಿಸಿದಳು. ಆಮೇಲೆ ಹೋಳಿಗೆ ನೆನಪಾಗಿ ಬಂದು ಮುಂದಿನ ಸೀಟು ಎತ್ತಿದಳು. ಮುಂದಿನದು ನನಗೆ ಅವಳೇ ಹೇಳಿದ್ದು: ಡಬ್ಬಿ ಎಳೆದರೆ ಧೋತರ ಬರಲೊಲ್ಲದು. ಇಂಜಿನ್ನಿಗೆ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯೊಳಗೆ ಅದರ ತುದಿ ಗೇಣುದ್ದ ಹೊಕ್ಕು ಕೂತಿತ್ತು. ಜಗ್ಗಿದಾಗ ಫಟ್ ಎಂದು ಬಂತು. ಗಾಡಿಯ ಉಬ್ಬಸ ಏನೆಂದು ಅವಳಿಗೆ ಆ ಕ್ಷಣಕ್ಕೇ ತಿಳಿಯಿತು. ಗಂಡನ ಕಡೆ ನೋಡಿದಳು. ಅವನು ಇನ್ನೂ ಸೈಕಲ್ಲಿಗೆ ಇಂಜಿನ್ ಕಟ್ಟುವ ಹಂತದಲ್ಲಿದ್ದ. ಈಗ ಇದನ್ನು ಹೇಳಿದರೆ ಧೋತರದ ತಪ್ಪೋ ಕೊಳವೆಯ ತಪ್ಪೋ ಎಂದು ಇನ್ನೊಂದು ತಾಸು ಹೋಗುತ್ತದೆ. ಡಬ್ಬಿ ಕಂಕುಳಲ್ಲಿಟ್ಟುಕೊಂಡು ಸುಮ್ಮನೆ ಟ್ರೇಲರ್ ಹತ್ತಿದಳು.

"ಬರತೀರೇನ್ರಿ?"

"ನಡುದಾರ್ಯಾಗ ಕೈಬಿಟ್ಟು ಬರಾಂವ ಅಲ್ಲ ನಾ!"

"ನಿಮ್ಮ ತಂಗಿ ನಡುಮನ್ಯಾಗ ಹಾದಿ ನೋಡಾಕತ್ಯಾಳ," ಎಂದಳು. ಟ್ರ್ಯಾಕ್ಟರ್ ಹೊರಟಿತು.

ಏರಿನಲ್ಲಿ ಕಾಶೀನಾಥ ಒಬ್ಬನೇ ಉಳಿದ. ಸಿಟ್ಟಾಗಲು ಎದುರಿಗೆ ಯಾರೂ ಇಲ್ಲದ್ದರಿಂದ ಸಿಟ್ಟು ತಾನೇ ಇಳಿಯಿತು. ಅಣ್ಣ ಬರದೆ ಆರತಿಗೆ ಕೂಡುವುದಿಲ್ಲ ಎಂದು ಶಿವರಂಜನಿ ಹಟ ಹಿಡಿಯುತ್ತಾಳೆ. ಅವಳ ಹಟ ಅವನಿಗೆ ಗೊತ್ತು. ಬಸುರಿ ಹುಡುಗಿ, ಹಸಿದ ಹೊಟ್ಟೆ, ಗುರುಲಿಂಗಮ್ಮನ ನಾಲಿಗೆ. ಅವನು ಗಾಡಿಯೊಳಗೆ ಕೂತು ಬೀಗದ ಕೈ ತಿರುಗಿಸಿದ.

ಗಾಡಿ ಹೂಂಕರಿಸಿತು! ಕಾಲಿಟ್ಟರೆ ಹಾರಿತು! ಎಮ್ಮೆಯನ್ನು ದಾಟಿತು, ಏರು ಮುಗಿಸಿತು. ಸ್ವಲ್ಪ ದೂರದಲ್ಲೇ ಟ್ರ್ಯಾಕ್ಟರ್ ಸಿಕ್ಕಿತು. ಯಾರಾದರೂ ಆಗಿದ್ದರೆ ನಿಲ್ಲಿಸಿ ಬುಟ್ಟಿಗಳನ್ನು ತುಂಬಿಕೊಳ್ಳುತ್ತಿದ್ದರು. ಕಾಶೀನಾಥನಿಗೆ ಅದು ಹೊಳೆಯಲೇ ಇಲ್ಲ. ಹಾರ್ನಿನ ಮೇಲೆ ಇಟ್ಟ ಕೈ ತೆಗೆಯದೆ, ಕಿಟಕಿಯಿಂದ ತಲೆ ಹಾಕಿ, "ಮೂವತ್ತೇಳು! ಮೂವತ್ತೇಳು!" ಎಂದು ಕೂಗುತ್ತ ದಾಟಿಯೇಬಿಟ್ಟ. ಮಹಾನಂದಾ ಹಣೆಗೆ ಕೈ ಹಚ್ಚಿಕೊಂಡಳು.

ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಇರುವಾಗ ಚಿಂಚೋಳಿಯ ಬೀಗರ ಓಣಿ. ಬಾಗಿಲಲ್ಲಿ ಗುರುಲಿಂಗಮ್ಮ, ಅವಳ ಹಿಂದೆ ಹದಿನೈದು ಇಪ್ಪತ್ತು ಹೆಂಗಸರು, ಎಲ್ಲರ ಹಿಂದೆ ಹಸಿರು ಬಳೆಗೆ ಕಾದ ಶಿವರಂಜನಿ. ಗಾಡಿ ನಿಂತದ್ದೇ ತಡ, ಓಣಿಯ ಹುಡುಗರು "ಬನ್ ಬಂತು! ಬನ್ ಬಂತು!" ಎಂದು ಮುತ್ತಿಕೊಂಡರು.

ಕಾಶೀನಾಥ ಗೆದ್ದ ಗುಂಗಿನಲ್ಲೇ ಠೀವಿಯಿಂದ ಇಳಿದ. ದೊಡ್ಡ ದರ್ಬಾರಿನಲ್ಲಿ ಪರದೆ ಸರಿಸುವಂತೆ ಹಿಂದಿನ ಬಾಗಿಲು ಎತ್ತಿದ. ಒಳಗೆ ಜಮಖಾನೆ ಇತ್ತು. ಒಂದು ಮುರಿದ ಚಕ್ಕುಲಿ ಇತ್ತು.

ಗುರುಲಿಂಗಮ್ಮ ಬಗ್ಗಿ ನೋಡಿದಳು. "ಬುತ್ತಿ ಎಲ್ಲಿ ಬೀಗರ?"

"ಹಿಂದ ಬರಲಾಕತ್ತದ್ರಿ."

"ಗಾಡಿ ಮುಂದ ಬಂದು ಬುತ್ತಿ ಹಿಂದ ಉಳೀತೇನು? ಹಾಂಗಾದ್ರ ಈ ಗಾಡಿ ಯಾಕ ಬಂತು?"

"ಅದು ಹಾಂಗಲ್ರಿ. ಏರಿನ್ಯಾಗ ಸ್ವಲ್ಪ... ಈ ಕಂಪನಿ ಮೊದಲು ಮಗ್ಗ..."

"ಮಗ್ಗದ ಮಾತು ಇರ್ಲಿ. ಗಡಿಯಾರ ನೋಡ್ರಿ."

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಶಿವರಂಜನಿ ತಲೆ ಕೆಳಗೆ ಹಾಕಿದಳು. ಅದನ್ನು ನೋಡಿದ್ದು ಕಾಶೀನಾಥ ಒಬ್ಬನೇ. ತಾನು ದಾರಿಯಲ್ಲಿ ಬುಟ್ಟಿಗಳನ್ನು ದಾಟಿ ಬಂದದ್ದು ಎಂಥ ಕೆಲಸ ಎಂದು ಅವನಿಗೆ ಆಗ ತಿಳಿಯಿತು. ಹತ್ತು ನಿಮಿಷ ಅವನು ಆ ಓಣಿಯ ತುದಿಯನ್ನೇ ನೋಡುತ್ತ ನಿಂತ. ಯಾರ ಮೇಲೂ ರೇಗಲಿಲ್ಲ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಗಡಗಡ ಸದ್ದು ಕೇಳಿತು. ಟ್ರ್ಯಾಕ್ಟರ್ ಓಣಿಗೆ ತಿರುಗಿತು. ತೆರೆದ ಟ್ರೇಲರಿನಲ್ಲಿ ಐದು ಬುಟ್ಟಿ ಸಾಲಾಗಿ, ಮೇಲಿನ ಹಸಿರು ಅರಿವೆ ಗಾಳಿಗೆ ಹಾರುತ್ತ, ನಡುವೆ ಮಹಾನಂದಾ ಮತ್ತು ಖುರ್ಷಿದಬೇಗಂ ಅಂಬಾರಿಯಲ್ಲಿ ಕೂತವರ ಹಾಗೆ! ಓಣಿಯ ಪ್ರತಿ ಕಟ್ಟೆಯಿಂದ, ಪ್ರತಿ ಮಾಳಿಗೆಯಿಂದ ಜನ ಇಣುಕಿದರು. "ಒಂದು, ಎರಡು, ಮೂರು..." ಎಂದು ಬುಟ್ಟಿ ಎಣಿಸಿದರು. ತವರಿನ ಬುತ್ತಿ ಬಂದರೆ ಓಣಿ ಕಾಣಬೇಕು. ಮುಚ್ಚಿದ ವ್ಯಾನಿನಲ್ಲಿ ಬಂದಿದ್ದರೆ ಯಾರಿಗೆ ಕಾಣುತ್ತಿತ್ತು?

ಗುರುಲಿಂಗಮ್ಮನ ಮುಖ ಅರಳಿತು. "ಏ ನೀಲವ್ವಾ, ನೋಡು ಬಾರ! ನನ್ನ ಸೊಸಿ ತವರಿನವರು ಟ್ರ್ಯಾಕ್ಟರ್ ಮ್ಯಾಲೆ ಬುತ್ತಿ ತಂದಾರ! ನಿನ್ನ ಬೀಗರು ಬಸ್ಸಿನ್ಯಾಗ ತಂದಿದ್ರಲ್ಲ?"

ಬುಟ್ಟಿಗಳು ಹೊಸ್ತಿಲು ದಾಟಿದವು. ಮಹಾನಂದಾ ಡಬ್ಬಿ ಇಳಿಸುವ ನೆವದಲ್ಲಿ ಗಂಡನ ಮಗ್ಗುಲಿಗೆ ಬಂದು, ಮಸಿ ಹತ್ತಿದ ಧೋತರದ ತುದಿ ತೋರಿಸಿದಳು. "ನಿಮ್ಮ ಗಾಡಿ ಬಾಯಾಗ ಇತ್ತು," ಎಂದಳು ಮೆಲ್ಲಗೆ. ಕಾಶೀನಾಥ ಧೋತರ ನೋಡಿದ. ಕೊಳವೆಯ ಬಾಯಿಯ ದುಂಡನೆಯ ಗುರುತು ನೋಡಿದ. ಜೀವನದಲ್ಲಿ ಮೊದಲ ಸಲ ಅವನಿಗೆ ಇತಿಹಾಸ ಮರೆತುಹೋಯಿತು.

"ಟ್ರ್ಯಾಕ್ಟರಿಂದು ಯಾರ ವಿಚಾರ್ರಿ?" ಗುರುಲಿಂಗಮ್ಮ ಜೋರಾಗಿ ಕೇಳಿದಳು.

"ಇವರದೇರಿ," ಎಂದಳು ಮಹಾನಂದಾ, ಗಂಡನನ್ನು ಮುಂದೆ ನೂಕಿ.

ಕಾಶೀನಾಥ ಬಾಯಿ ತೆರೆದ. ಸತ್ಯವೆಲ್ಲ ನಾಲಿಗೆಯ ತುದಿಗೆ ಬಂದಿತ್ತು: ಏರು, ಹಗ್ಗ, ಎಮ್ಮೆ, ತನ್ನ ಗಾಡಿ ಎಲ್ಲರಿಗಿಂತ ಮೊದಲು ಬಂದು ನಿಂತದ್ದು. ಅಷ್ಟರಲ್ಲಿ ಶಿವರಂಜನಿ ಕಂಡಳು. ತಲೆ ಎತ್ತಿ, ಓಣಿಯ ಹೆಂಗಸರ ನಡುವೆ ನಗುತ್ತ ನಿಂತಿದ್ದಳು.

"ಹೌದ್ರಿ," ಎಂದ. "ನಂದೇ ವಿಚಾರ. ಕುಬಸ ಅಂದಮ್ಯಾಲೆ ಟ್ರ್ಯಾಕ್ಟರೇ ಆಗಬೇಕ್ರಿ."

ಹಿಂದೆ ಚಂದ್ರಾಮ ಕೆಮ್ಮಿದ.

"ಭಾಳ ಚಲೋ ಮಾಡಿದ್ರಿ," ಎಂದಳು ಗುರುಲಿಂಗಮ್ಮ. ಆಮೇಲೆ ದನಿ ತಗ್ಗಿಸಿ, "ಆದ್ರ ಬೀಗರ, ಆ ಬನ್ನಿನ ಗಾಡಿ ಬಾಗಲಾ ಮುಂದಿಂದು ತಗೀರಿ. ಟ್ರ್ಯಾಕ್ಟರ್ ಕಾಣವಲ್ದು."

ಕಾಶೀನಾಥ ಗಾಡಿ ಹತ್ತಿದ. ಅದು ಒಂದೇ ಸಲಕ್ಕೆ ಚಾಲೂ ಆಯಿತು. ಮೂವತ್ತೇಳು ಕುದುರೆಗಳನ್ನೂ ಮೆಲ್ಲಗೆ ಹಿಂದೆ ನಡೆಸಿ, ಓಣಿಯ ಹೊರಗೆ, ಒಂದು ತಿಪ್ಪೆಯ ಮಗ್ಗುಲಿಗೆ ನಿಲ್ಲಿಸಿ, ನಡೆದುಕೊಂಡು ಬಂದು ತಂಗಿಯ ಉಡಿ ತುಂಬುವಾಗ ಅಕ್ಷತೆ ಹಾಕಿದ.

ಊಟಕ್ಕೆ ಕೂತಾಗ ಗುರುಲಿಂಗಮ್ಮ ಅವನ ಎಲೆಗೆ ತಾನೇ ತುಪ್ಪ ಬಡಿಸಿ ಹೇಳಿದಳು, "ತೊಟ್ಟಿಲಕ್ಕ ಬರುವಾಗ ಎರಡು ಟ್ರ್ಯಾಕ್ಟರ್ ತರ್ರಿ ಬೀಗರ."

"ಆಗ್ಲಿರಿ," ಎಂದ ಕಾಶೀನಾಥ. ಹೋಳಿಗೆ ಮುರಿದು ಬಾಯಿಗಿಟ್ಟ. ಇಂಜಿನ್ನಿನ ಕಾವಿಗೆ ಅದು ಇನ್ನೂ ಬೆಚ್ಚಗಿತ್ತು. ಆದರೆ ಅದನ್ನು ಯಾರಿಗೂ ಹೇಳುವಂತಿರಲಿಲ್ಲ.