ಕಾಕಾನ ನಿಂಬೆಹಣ್ಣಿನ ಸರ್ಕ್ಯೂಟು

ನಮ್ಮ ಕಾಕಾನ ಎದುರು 'ಕರೆಂಟ್ ಹೋಯಿತು' ಎಂದು ಹೇಳಿ ಪಾರಾದವರು ಇಡೀ ಇಂಡಿ ತಾಲೂಕಿನಲ್ಲಿ ಒಬ್ಬರೂ ಇಲ್ಲ. ಹೇಳಿದವರು ಬೀಗರಿರಲಿ, ಬಸ್ ಕಂಡಕ್ಟರ್ ಇರಲಿ, ತಿದ್ದದೆ ಬಿಟ್ಟರೆ ಆತನಿಗೆ ಉಂಡದ್ದು ಅರಗುವುದಿಲ್ಲ. ಸಿಂದಗಿಯಲ್ಲಿ ನನ್ನ ತಂಗಿಯ ನಿಶ್ಚಯದ ದಿನ ಉಡಿ ತುಂಬುವ ಹೊತ್ತಿಗೇ ಫ್ಯಾನುಗಳು ನಿಂತವು. ವರನ ತಂದೆ ಬೆವರು ಒರೆಸಿಕೊಳ್ಳುತ್ತ ಕರೆಂಟ್ ಹೋಯಿತೆಂದು ಗೊಣಗಿದರು. ಕಾಕಾ ಕುರ್ಚಿ ಎಳೆದುಕೊಂಡು ಅವರ ಪಕ್ಕಕ್ಕೆ ಕುಳಿತ.

"ಕರೆಂಟ್ ಎಲ್ಲೂ ಹೋಗಿಲ್ರಿ. ದಾರಿ ಎಲ್ಲೋ ಕಡದೈತಿ, ಅದಕ ಹರಿಯೂದು ನಿಂತೈತಿ."

ಫ್ಯಾನು ಮತ್ತೆ ತಿರುಗತೊಡಗಿದರೂ ಪಾಠ ಮುಗಿಯಲಿಲ್ಲ. ಸಂಬಂಧ ಮುರಿಯಲಿಲ್ಲವಲ್ಲ, ಅದೇ ನಮ್ಮ ಪುಣ್ಯ!

ಕಾಕಾ ನನ್ನ ತಂದೆಯ ತಮ್ಮ. ನಮ್ಮ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಸರ್ಕ್ಯೂಟುಗಳ ಲ್ಯಾಬ್ ನಡೆಸುತ್ತಾನೆ. ನಾನು ಅಲ್ಲೇ ಗಣಿತ ಕಲಿಸುತ್ತೇನೆ. ಹೀಗಾಗಿ ಮನೆಯಲ್ಲೂ ಆತ, ಕಾಲೇಜಿನಲ್ಲೂ ಆತ, ನಡುವಿನ ಬಸ್ಸಿನಲ್ಲೂ ಆತ. ನಾನು ಎಲ್ಲಿಗೆ ಹೋಗಲಿ ಹೇಳಿ?

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಆತ ನಮಗೆಲ್ಲ ಸೀರೀಸು, ಪ್ಯಾರಲಲ್ಲು ವಿವರಿಸತೊಡಗಿದ. ಎರಡು ಬಲ್ಬುಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಸೀರೀಸು; ಇದ್ದ ವೋಲ್ಟೇಜನ್ನೇ ಹಂಚಿಕೊಂಡು ಎರಡೂ ಮಂಕಾಗುತ್ತವೆ. ಒಂದೊಂದಕ್ಕೂ ಬೇರೆ ದಾರಿ ಕೊಟ್ಟರೆ ಪ್ಯಾರಲಲ್ಲು. ಎರಡಕ್ಕೂ ಪೂರ್ತಿ ಸಿಗುತ್ತದೆ. ರೊಟ್ಟಿ ಆರುತ್ತಿತ್ತು, ಎಣ್ಣೆಗಾಯಿ ಆರುತ್ತಿತ್ತು. ಆತನ ಹೆಂಡತಿ, ನಮ್ಮ ಕಾಕು, ಸೌಟು ಹಿಡಿದುಕೊಂಡೇ ಎಲ್ಲ ಕೇಳಿದಳು.

"ಹಂಗಾರ ಇವತ್ತ ನಿಮಗ ಸೀರೀಸ್‌ನ್ಯಾಗ ನೀಡ್ತೇನಿ. ಎಲ್ಲಾರದೂ ಆಗಿ ಉಳದ್ರ ನಿಮಗ."

ಉಳಿದದ್ದು ಅರ್ಧ ಬದನೆಕಾಯಿ. ಕಾಕಾ ಅದನ್ನು ತಿನ್ನುತ್ತ, ಈಕೆಗೆ ಸೀರೀಸು ಸರಿಯಾಗಿ ತಿಳಿದಿಲ್ಲವೆಂದು ನನ್ನ ಕಿವಿಯಲ್ಲಿ ಹೇಳಿದ. ಜೋರಾಗಿ ಹೇಳುವಷ್ಟು ಧೈರ್ಯ ಆತನಿಗೂ ಇರಲಿಲ್ಲ.

ಇಂಥವನ ಲ್ಯಾಬಿಗೆ ಈ ವರ್ಷ ಇಂಗಳೇಶ್ವರದ ಒಬ್ಬ ಹುಡುಗಿ ಬಂದಳು. ಬಂದಳು ಎಂದರೆ ಬಾಗಿಲವರೆಗೆ ಮಾತ್ರ. ಎರಡು ವಾರ ಹೊಸ್ತಿಲಲ್ಲೇ ನಿಂತು ಬರೆದುಕೊಂಡಳು, ಒಂದು ವೈರನ್ನೂ ಮುಟ್ಟಲಿಲ್ಲ. ಮೂರನೆಯ ವಾರ ನನ್ನ ಬಳಿ ಬಂದು, ಕಾಲೇಜು ಬಿಡುತ್ತೇನೆಂದಳು. ನಾನು ಅವಳನ್ನು ಕಾಕಾನ ಹತ್ತಿರ ಕರೆದೊಯ್ದೆ.

ಅವಳು ಸಣ್ಣವಳಿದ್ದಾಗ ಅವರವ್ವ ತಂತಿಯ ಮೇಲೆ ಒದ್ದೆ ಸೀರೆ ಒಣಹಾಕಲು ಹೋಗಿದ್ದರಂತೆ. ಆ ತಂತಿಗೆ ಕರೆಂಟ್ ತಾಗಿತ್ತು. ಜೀವ ಉಳಿಯಿತು, ಆದರೆ ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಅಂದಿನಿಂದ ಅವ್ವ ಮನೆಯ ಒಂದು ಸ್ವಿಚ್ಚನ್ನೂ ಮುಟ್ಟಿಲ್ಲ. ಮಗಳು ಹಾಕಿದರೆ ದೀಪ, ಇಲ್ಲದಿದ್ದರೆ ಕತ್ತಲೆ.

ಕಾಕಾ ಉಪನ್ಯಾಸ ಶುರು ಮಾಡುತ್ತಾನೆಂದು ನಾನು ಎದೆ ಗಟ್ಟಿ ಮಾಡಿಕೊಂಡೆ. ಆದರೆ ಆತ ಇಷ್ಟೇ ಹೇಳಿದ:

"ನಿನ್ನ ಅಂಜಿಕಿ ಖರೇ ಐತಿ, ತಂಗಿ. ಅದನ್ನ ಬಿಡಬ್ಯಾಡ. ಅಂಜಿಕಿ ಇಲ್ಲದವರನ್ನ ನಾ ಬೋರ್ಡಿನ ಹತ್ರ ಬಿಡೂದಿಲ್ಲ. ನನಗೂ ಐತಿ."

ಮರುದಿನ ಆತ ನಾಲ್ಕು ನಿಂಬೆಹಣ್ಣು ತಂದ. ಒಂದೊಂದಕ್ಕೂ ಒಂದು ಸತುವಿನ ಮೊಳೆ, ಒಂದು ತಾಮ್ರದ ಪಟ್ಟಿ ಚುಚ್ಚಿದ. ಇದರಿಂದ ಇರುವೆಗೂ ಶಾಕ್ ಹೊಡೆಯುವುದಿಲ್ಲವೆಂದು ಮೊದಲು ತಾನೇ ಮುಟ್ಟಿ ತೋರಿಸಿ, ವೈರುಗಳನ್ನು ಅವಳ ಮುಂದಿಟ್ಟು ಕಿಟಕಿಯತ್ತ ತಿರುಗಿ ನಿಂತ. ನಾಲ್ಕನೆಯ ಹಣ್ಣಿಗೆ ವೈರು ಸೇರಿಸಿದಾಗ ಸಾಸಿವೆಯಷ್ಟು ಕೆಂಪು ದೀಪವೊಂದು ಮಿಣುಕಿತು. ಹುಡುಗಿ ಅದನ್ನು ಅಂಗೈಯಿಂದ ಮರೆಮಾಡಿ ಮತ್ತೆ ಮತ್ತೆ ನೋಡಿದಳು. ಅವು ಕಾಕು ಉಪ್ಪಿನಕಾಯಿಗೆಂದು ಆರಿಸಿಟ್ಟ ಹಣ್ಣುಗಳೆಂದು ತಿಳಿದದ್ದು ಸಂಜೆ. ಮೊಳೆಯ ತೂತಿದ್ದ ನಾಲ್ಕನ್ನೂ ಆತ ಪ್ರಾಮಾಣಿಕವಾಗಿ ಮರಳಿ ಬುಟ್ಟಿಯಲ್ಲಿಟ್ಟಿದ್ದ! ಮುಂದಿನ ವಿಚಾರಣೆಯನ್ನು ನಾನು ಬರೆಯುವುದಿಲ್ಲ.

ನಿಂಬೆಹಣ್ಣಿನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಬೋರ್ಡಿಗೆ ಬರಲು ತಿಂಗಳಾಯಿತು. ನಿಜವಾದ ಬೋರ್ಡಿನ ದಿನ ಕಾಕಾ ಮೇನ್ ಆಫ್ ಮಾಡಿಸಿ, ಫ್ಯೂಜನ್ನು ಅವಳ ಕೈಯಿಂದಲೇ ಕೀಳಿಸಿ, ಅವಳ ಬ್ಯಾಗಿನಲ್ಲೇ ಇಡಿಸಿದ. ಅದು ಅವಳ ಹತ್ತಿರ ಇರುವತನಕ ಬೋರ್ಡಿನಲ್ಲಿ ಜೀವವಿಲ್ಲ, ಬೇರೆ ಯಾರೂ ಜೀವ ಕೊಡಲಾರರು ಎಂದ. ಆದರೂ ಟೆಸ್ಟರ್ ಹಿಡಿದು ಖಾತ್ರಿ ಮಾಡಿಸಿದ. ಅವಳು ಎರಡು ಬಲ್ಬುಗಳ ಪ್ಯಾರಲಲ್ ಜೋಡಣೆ ಮುಗಿಸಿದಳು. ಆತ ಮೂರು ಸಲ ಪರೀಕ್ಷಿಸಿದ. ಅವಳೇ ಫ್ಯೂಜ್ ಹಾಕಿ, ಮೇನ್ ಆನ್ ಮಾಡಿ, ಸ್ವಿಚ್ ಒತ್ತಿದಾಗ ಎರಡು ಬಲ್ಬೂ ಪೂರ್ತಿ ಬೆಳಗಿದವು.

ಸೆಮಿಸ್ಟರ್ ಮುಗಿದ ಮೇಲೆ ಅವಳು ನಮ್ಮಿಬ್ಬರನ್ನೂ ಊರಿಗೆ ಕರೆದಳು. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಹೋದೆವು. ಅಂಗಳದ ತಂತಿ ಬಿಚ್ಚಿಸಿ ನೈಲಾನ್ ಹಗ್ಗ ಕಟ್ಟಿಸಿದ್ದಳು, ಲೈನ್‌ಮನ್‌ನನ್ನು ಕರೆಸಿ ಅರ್ಥಿಂಗ್ ಮಾಡಿಸಿದ್ದಳು. ಕಾಕಾ ಎಲ್ಲವನ್ನೂ ಬಗ್ಗಿ ಬಗ್ಗಿ ನೋಡಿದ, ಒಂದು ತಪ್ಪೂ ಸಿಗಲಿಲ್ಲ. ಆಮೇಲೆ ಹುಡುಗಿ ಅವ್ವನನ್ನು ಸ್ವಿಚ್ಚಿನ ಮುಂದೆ ನಿಲ್ಲಿಸಿ, ತಾನು ಪಕ್ಕಕ್ಕೆ ಸರಿದಳು.

ಅವ್ವ ಮಗಳ ಮುಖ ನೋಡಿದರು. ಕೈಯನ್ನು ಸೆರಗಿಗೆ ಒರೆಸಿ ಒರೆಸಿ ಒಣಗಿಸಿಕೊಂಡರು. ಎಡಗೈಯ ಬೆರಳಿನಿಂದ ಒತ್ತಿ, ಥಟ್ಟನೆ ಹಿಂದೆಳೆದುಕೊಂಡರು. ಹಗಲಿನಲ್ಲೇ ದೀಪ ಹತ್ತಿತು.

"ಇನ್ನೊಮ್ಮಿ ಒತ್ರಿ, ಅಕ್ಕಾರ," ಎಂದ ಕಾಕಾ, ಮೆಲ್ಲಗೆ.

ಈ ಸಲ ಅವರು ಬಲಗೈ ಎತ್ತಿದರು. ಮಡಚದ ಬೆರಳಿನಿಂದಲೇ ಆರಿಸಿದರು, ಹಚ್ಚಿದರು, ಮತ್ತೆ ಆರಿಸಿದರು. ಚಹಾ ಆರುತ್ತಿತ್ತು. ಕಾಕಾ ಅವರಿಗೆ ಸಾಕೆನಿಸುವವರೆಗೆ ಕಾಯುತ್ತ ನಿಂತಿದ್ದ.