ಅರ್ಗೀರಿಸನ ತೆಮೆನೋಸ್

ಸೋಮವಾರ ಬೆಳಗ್ಗೆ ಕ್ಷೌರಿಕ ಅರ್ಗೀರಿಸ್ ತನ್ನ ಖಾಲಿ ಜಾಗದ ಮುಂದೆ ಬಂದು ನಿಂತ. ಅದು ಖಾಲಿಯಾಗಿರಲಿಲ್ಲ. ಮೂರು ಕಾರು, ಒಂದು ಟ್ರ್ಯಾಕ್ಟರ್, ಎದುರಿನ ಕಾಫಿ ಅಂಗಡಿಯ ಲೆಫ್ತೇರಿಸನ ಮುರಿದ ಕುರ್ಚಿಗಳ ರಾಶಿ ಅಲ್ಲಿ ನೆಮ್ಮದಿಯಾಗಿ ಬಿದ್ದಿದ್ದವು. 'ವಾಹನ ನಿಲ್ಲಿಸಬಾರದು' ಎಂಬ ಬೋರ್ಡಿನ ಮೇಲೆ ಯಾರೋ ಕಾಲುಚೀಲ ಒಣಹಾಕಿದ್ದರು.

ಅದು ತಾಯಿಯಿಂದ ಬಂದ ಜಾಗ. ಮೂವತ್ತು ವರ್ಷ ಬೇರೆಯವರ ಸೂರಿನಡಿ ಊರಿನ ತಲೆಗಳನ್ನೆಲ್ಲ ಕತ್ತರಿಸಿದವನಿಗೆ ಸ್ವಂತದ್ದೊಂದು ಅಂಗಡಿ ಕಟ್ಟುವ ಆಸೆ. ಪರವಾನಗಿ ಸಿಕ್ಕಿತ್ತು. ಮರುದಿನ ಮೇಸ್ತ್ರಿ ಪಾಯ ತೋಡಲು ಬರುವವನಿದ್ದ. "ಜಾಗ ಖಾಲಿ ಇಲ್ದಿದ್ರೆ ಹಂಗೇ ವಾಪಸ್ಸು. ಮತ್ತೆ ನಾನು ಸಿಗೋದು ಕ್ರಿಸ್‌ಮಸ್ ಕಳೆದ್ಮೇಲೆ" ಎಂದು ಎಚ್ಚರಿಸಿದ್ದ.

ಅರ್ಗೀರಿಸ್ ನೇರವಾಗಿ ನಿವೃತ್ತ ಶಿಕ್ಷಕಿ ಪೊಲಿಕ್ಸೇನಿಯ ಮನೆಗೆ ಹೋದ.

"ಟೀಚರಮ್ಮ, ಓದಿದ್ರೆ ಕಾಲು ಹಿಂದಕ್ಕೆ ಹೋಗೋ ಹಂಗೆ ಒಂದು ಪದ ಹೇಳಿ."

"ತೆಮೆನೋಸ್ ಅಂತ ಬರಿಯೋ" ಎಂದರು ಆಕೆ, ಬದನೆಕಾಯಿ ಹೆಚ್ಚುತ್ತಲೇ. "ದೇವರಿಗೆ ಅಂತ ಕತ್ತರಿಸಿ ಬಿಟ್ಟ ನೆಲ. ಹಳೇ ಕಾಲದಲ್ಲಿ ಅಲ್ಲಿ ಕಾಲಿಟ್ಟವನ ಗತಿ ನೆಟ್ಟಗಿರ್ತಿರಲಿಲ್ಲ. ಕತ್ತರಿಸೋದು ಅನ್ನೋದ್ರಿಂದಲೇ ಹುಟ್ಟಿದ ಪದ."

"ಕತ್ತರಿಸೋದ್ರಿಂದ್ಲೇ? ಹಾಗಾದ್ರೆ ಅದು ನಮ್ಮ ಕಸುಬಿನದೇ ಪದ."

"ಯಾರ್ಯಾರ ಕಸುಬಿಗೋ ಬಂತು ಬಿಡು. ಕೋರ್ಟು ನ್ಯಾಯದ ತೆಮೆನೋಸ್ ಅಂತೆ, ಶಾಲೆ ವಿದ್ಯೆಯ ತೆಮೆನೋಸ್ ಅಂತೆ. ಅದರೊಳಗೆ ನೀನು ಎಂಟು ವರ್ಷ ನಿದ್ದೆ ಹೊಡೆದೆ."

ಅರ್ಧ ಗಂಟೆಯಲ್ಲಿ ಹೊಸ ಬೋರ್ಡು ಎದ್ದಿತು. ಕೆಂಪು ಬಣ್ಣದಲ್ಲಿ, ಎಮ್ಮೆಗಾತ್ರದ ಅಕ್ಷರಗಳಲ್ಲಿ: 'ತೆಮೆನೋಸ್. ಒಳಗೆ ಬರಬಾರದು.'

ಬೋರ್ಡು ಕೆಲಸ ಮಾಡಿತು. ಟ್ರ್ಯಾಕ್ಟರಿನವನು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಸದ್ದಿಲ್ಲದೆ ಗಾಡಿ ತೆಗೆದ. ಕಾರುಗಳೂ ಹೋದವು. ಲೆಫ್ತೇರಿಸ್ ಕುರ್ಚಿಗಳನ್ನು ಹೊತ್ತೊಯ್ದ. ಆದರೆ ಅರ್ಧ ದಾರಿಯಲ್ಲಿ ನಿಂತು ತಿರುಗಿ ಓದಿದ.

"ಏನಯ್ಯಾ, ಮಸೀದಿ ಕಟ್ಟಿಸ್ತಿದೀಯಾ?"

"ಯಾರು ಹೇಳಿದ್ದು?"

"ನೀನೇ ಬರೆದಿದೀಯಲ್ಲ. ಈಗಿನ ಸರ್ಕಾರಿ ಕಾಗದದಲ್ಲಿ ತೆಮೆನೋಸ್ ಅಂದ್ರೆ ಮಸೀದಿ. ಮುಸಲ್ಮಾನರು ಹೆಚ್ಚಿರೋ ಥ್ರೇಸ್ ಕಡೆ ಸೈನ್ಯದಲ್ಲಿದ್ದಾಗ ನೋಡಿದೀನಿ."

ಲೆಫ್ತೇರಿಸನ ಬಾಯಿಗೆ ಬಿದ್ದ ಮಾತು ಕಾಫಿ ಕುದಿಯುವುದರೊಳಗೆ ಊರು ಸುತ್ತಿ ಬರುತ್ತಿತ್ತು. ಹತ್ತು ಗಂಟೆಗೆ ಇಪ್ಪತ್ತು ಜನ ಸೇರಿದರು. ಹಿಂದೆಯೇ ಪಾದ್ರಿ ಆಂಥಿಮೋಸ್ ಬಂದರು. ಮೊದಲು ಗಡ್ಡ, ಆಮೇಲೆ ಅವರು.

"ಅದನ್ನ ಇಳಿಸು ಮಗಾ."

"ಗುರುಗಳೇ, ಅದು ಕಾರು ನಿಲ್ಲಿಸೋರಿಗೆ ಹಾಕಿದ್ದು."

"ಹಾಗಂತ್ಲೇ ಬರೀಬೇಕಿತ್ತು."

"ಬರೆದಿದ್ದೆ. ಅದಕ್ಕೆ ಒರಗಿಕೊಂಡು ನಿಂತಿದ್ದು ನಿಮ್ಮ ಕಾರೇ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಪಾದ್ರಿಗಳ ಕಿವಿ ಬೋರ್ಡಿನ ಬಣ್ಣಕ್ಕೆ ತಿರುಗಿತು.

ಅಷ್ಟರಲ್ಲಿ ಕಿತ್ತಳೆ ತೋಟದಲ್ಲಿ ಕೆಲಸ ಮಾಡುವ ಪಾಕಿಸ್ತಾನದ ನಜೀಬ್, ಇಬ್ಬರು ಗೆಳೆಯರೊಂದಿಗೆ, ಒಂದು ಡಬ್ಬಿ ಖರ್ಜೂರ ಹಿಡಿದು ಬಂದ.

"ಅಣ್ಣಾ, ಸುದ್ದಿ ಗೊತ್ತಾಯ್ತು. ಕೂಲಿ ಏನೂ ಬೇಡ, ಗೋಡೆ ನಾವೇ ಎತ್ತಿಕೊಡ್ತೀವಿ."

ಅರ್ಗೀರಿಸ್ ಡಬ್ಬಿ ತೆಗೆದುಕೊಂಡ. ವಿಷಯ ಬಿಡಿಸಿ ಹೇಳಿದ. ನಜೀಬನ ಮುಖ ಕ್ಷಣಕಾಲ ಸಪ್ಪಗಾಯಿತು. ಆಮೇಲೆ ಅವನು ನಕ್ಕ.

"ಹಜಾಮತ್ತಿನ ಅಂಗಡೀನಾ? ಇರಲಿ ಬಿಡಿ, ತಲೆ ಎಲ್ಲರಿಗೂ ಇದೆ. ಗೋಡೆಗೆ ಬರ್ತೀವಿ."

ಖರ್ಜೂರದ ಡಬ್ಬಿ ಅರ್ಗೀರಿಸನ ಕೈಯಲ್ಲೇ ಉಳಿಯಿತು. ಮೂವತ್ತು ವರ್ಷ ತಾನು ಗಡ್ಡ ಹೆರೆದ ಇಪ್ಪತ್ತು ಮುಖಗಳನ್ನು ಒಮ್ಮೆ ನೋಡಿದ. ಇವರಲ್ಲೊಬ್ಬನೂ ಒಂದು ಇಟ್ಟಿಗೆ ಎತ್ತಿಕೊಡುತ್ತೇನೆ ಎಂದಿರಲಿಲ್ಲ.

"ಬೋರ್ಡ್ ಇಳಿಸಲ್ಲ" ಎಂದ. "ನೆಲ ನಂದು, ಬಣ್ಣ ನಂದು. ಪದ ಯಾರಪ್ಪನ ಮನೇದೂ ಅಲ್ಲ."

ಲೆಫ್ತೇರಿಸ್ ಸುಮ್ಮನಿರಲಿಲ್ಲ, ಇಲ್ಲಿ ಹಳೇ ದೇವರ ನೆಲ ಇದೆಯಂತೆ ಎಂದು ಪುರಾತತ್ವ ಇಲಾಖೆಗೆ ಫೋನು ಮಾಡಿದ. ಹನ್ನೆರಡಕ್ಕೆ ದಾಫ್ನಿ ಎಂಬ ಅಧಿಕಾರಿ ಬಂದಳು. ಜಾಗದ ಉದ್ದಗಲ ನಡೆದಳು, ಕಾಗದ ತಿರುವಿದಳು, ಒಂದು ಹೆಂಚಿನ ಚೂರನ್ನು ಎತ್ತಿ ನೋಡಿ ಬಿಸಾಡಿದಳು.

"ಇಲ್ಲಿ ಹಳೇದು ಅಂತ ಏನೂ ಕಾಣಲ್ಲ. ನಾಳೆ ಪಾಯ ತೆಗೀಬಹುದು. ಬೋರ್ಡು ನಿಮ್ಮಿಷ್ಟ."

ಅರ್ಗೀರಿಸ್ ಗುಂಪಿನ ಕಡೆ ತಿರುಗಿದ. ಸುಮ್ಮನೆ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡ. ದಾಫ್ನಿ ಎದುರಿನ ಅಂಗಡಿಯಲ್ಲಿ ಕಾಫಿಗೆ ಕುಳಿತಳು.

"ಇಲಾಖೆ ಬಿಟ್ರೂ ನಾವು ಬಿಡಲ್ಲ" ಎಂದ ಲೆಫ್ತೇರಿಸ್, ಬೋರ್ಡಿನ ಕಂಬ ಹಿಡಿದು ಅಲುಗಿಸಿ. ಕಂಬ ಹಾಲುಹಲ್ಲಿನಂತೆ ಅಲುಗಿತು. "ನಾಳೆ ಬೆಳಗಾಗೋದ್ರೊಳಗೆ ಇದು ಹಳ್ಳದಲ್ಲಿರುತ್ತೆ."

ಅರ್ಗೀರಿಸ್ ಮನೆಗೆ ಹೋಗಿ ಹಾರೆ, ಅರ್ಧ ಚೀಲ ಸಿಮೆಂಟು ತಂದ.

"ಮೂರಡಿ ಆಳಕ್ಕೆ ಹೂಳ್ತೀನಿ. ಗಂಡಸಾದೋರು ಬಂದು ಕೀಳಿ."

"ಮೇಡಂ ಬಿಟ್ಟಾಯ್ತಲ್ಲ ಅಣ್ಣಾ, ಇಷ್ಟೇ ಸಾಕು" ಎಂದ ನಜೀಬ್.

"ಸಾಲದು."

ಕಂಬದ ಪಕ್ಕದಲ್ಲೇ ಗುಂಡಿ ಒಂದಡಿ ಹೋಯಿತು. ಎರಡಡಿ ಹೋಯಿತು. ಅಂಗಿ ಬೆನ್ನಿಗಂಟಿತು. ಪಾದ್ರಿಗಳು ಸಾಕು ಎಂದಷ್ಟೂ ಹಾರೆ ಜೋರಾಗಿ ಬಿತ್ತು. ಮೂರನೇ ಅಡಿಯಲ್ಲಿ ಠಣ್ ಎಂದಿತು.

ಮಣ್ಣು ಸರಿಸಿದರೆ ಬಿಳಿಯ ಅಮೃತಶಿಲೆ. ಅದರ ಮೇಲೆ ಕೆತ್ತಿದ ಅಕ್ಷರಗಳು. ದಾಫ್ನಿ ಕಾಫಿ ಲೋಟ ಕೈಯಲ್ಲಿ ಹಿಡಿದೇ ಓಡಿ ಬಂದಳು. ಗದ್ದಲ ಕೇಳಿ ಬಂದಿದ್ದ ಪೊಲಿಕ್ಸೇನಿ ಟೀಚರಮ್ಮ ಕನ್ನಡಕ ಏರಿಸಿ, ಗುಂಡಿಯ ಅಂಚಿನಲ್ಲಿ ಬಾಗಿ, ತರಗತಿಯಲ್ಲಿ ಓದುವಂತೆ ಓದಿದರು: "ತೆಮೆನೋಸಿನ ಗಡಿ."

ದಾಫ್ನಿ ಮೊದಲು ಮಾಡಿದ ಕೆಲಸ, ಅರ್ಗೀರಿಸನ ಕೈಯಿಂದ ಹಾರೆ ತೆಗೆದುಕೊಂಡದ್ದು.

"ಇನ್ನು ಒಂದು ಮೊಳೆ ಕೂಡ ಹೊಡೆಯೋ ಹಾಗಿಲ್ಲ. ಪರವಾನಗಿ ಇವತ್ತಿಗೆ ನಿಂತಿತು."

"ಎಷ್ಟು ದಿನ?"

"ದಿನದ ಲೆಕ್ಕ ಅಲ್ಲ. ಹೋದ ಸಲ ಒಂದು ಹಳೇ ಬಾವಿ ಅಗೆಯೋಕೇ ಹನ್ನೊಂದು ವರ್ಷ ಆಯ್ತು. ಸ್ವಲ್ಪ ಹೊರಗೆ ನಿಲ್ಲಿ."

ಅರ್ಗೀರಿಸ್ ತಾಯಿಯ ನೆಲದಿಂದ ರಸ್ತೆಗೆ ಇಳಿದ. ಅವನ ಹಿಂದೆಯೇ ಕೆಂಪು ಬಿಳಿ ಪಟ್ಟಿ ಸುತ್ತಿಕೊಂಡಿತು. ಊರ ಮುಖಗಳಲ್ಲಿ ನಗೆ ಮೆಲ್ಲನೆ ಹರಡುತ್ತಿತ್ತು. ಲೆಫ್ತೇರಿಸ್ ಉತ್ಸಾಹದಿಂದ ಕಂಬಕ್ಕೆ ಕೈ ಹಾಕಿದ.

"ಬೋರ್ಡು ಮುಟ್ಟಬೇಡಿ" ಎಂದಳು ದಾಫ್ನಿ. "ನಮ್ಮದು ಬರೋಕೆ ಆರು ತಿಂಗಳಾಗುತ್ತೆ. ಅಲ್ಲೀವರೆಗೂ ಇದೇ ಇರಲಿ, ಸರಿಯಾಗೇ ಇದೆ."

ಅರ್ಗೀರಿಸ್ ಅಂಗೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ. ಪಾದ್ರಿಗಳನ್ನು, ಲೆಫ್ತೇರಿಸನನ್ನು, ನಗುತ್ತಿದ್ದ ಇಪ್ಪತ್ತು ಮುಖಗಳನ್ನು ಒಂದೊಂದಾಗಿ ನೋಡಿದ.

"ನೋಡಿದ್ರಾ," ಎಂದ, "ಇಳಿಸಲಿಲ್ಲ."