ಕೂರ್ಮತಂತ್ರದ ಕನ್ನಡಿಯೂ ಖಂಡೇಪೂಜೆಯ ಮಹಾಸಮರವೂ

ಮೂರು ಕಡ್ಡಿಯ ಪ್ಲಗ್ಗಿನಲ್ಲಿ ತ್ರಿಮೂರ್ತಿರೂಪದಿಂದ ನೆಲೆಸಿ, ತಾಮ್ರತಂತಿಯ ಗರ್ಭದಲ್ಲಿ ಅದೃಶ್ಯವಾಹಿನಿಯಾಗಿ ಹರಿದು, ಕರೆದಾಗ ಬಾರದೆ ಕರೆಯದಾಗ ಬಂದು ಬಲ್ಬು ಸುಡುವ ಎಲೈ ವಿದ್ಯುದ್ದೇವಿಯೇ, ನಿನಗೆ ನಮೋ ನಮಃ! ಈ ಗಾಥೆ ಮುಗಿಯುವವರೆಗಾದರೂ ಹೋಗಬೇಡ ತಾಯಿ. ಕೋಟೆ ಒಡೆದವರ, ಸಮುದ್ರ ಜಿಗಿದವರ ಕಥೆಯನ್ನು ಬೇರೆಯವರು ಹೇಳಿಕೊಳ್ಳಲಿ, ನನಗೇನೂ ಹೊಟ್ಟೆಯುರಿಯಿಲ್ಲ. ನಾನು ಹೇಳುವುದು ಒಂದು ಕಂಪ್ಯೂಟರನ್ನು ಏಳು ದಿನ ಬಂದ್ ಮಾಡದೆ ಇಟ್ಟ ಮಹಾಪುರುಷನ ಕಥೆ. ನಗುವವರು ಈಗಲೇ ನಕ್ಕುಬಿಡಿ, ಮುಂದೆ ರಣರಂಗವಿದೆ.

ಕಲಿಯುಗದ ಪ್ರಥಮಪಾದದಲ್ಲಿ, ಆಶ್ವಯುಜ ಮಾಸದ ಶುಕ್ಲಪಕ್ಷದಲ್ಲಿ, ಮೂರನೆಯ ಸೆಮಿಸ್ಟರಿನ ಇಂಟರ್ನಲ್ ಪರೀಕ್ಷೆಗಳು ಮುಗಿದ ಪುಣ್ಯಕಾಲದಲ್ಲಿ, ಗದಗ ಪಟ್ಟಣದ ಒಂದು ಪಾಲಿಟೆಕ್ನಿಕ್ಕಿನ ಮೂರನೆಯ ನಂಬರಿನ ಲ್ಯಾಬನ್ನು ಚನ್ನವೀರ ಅಸುಂಡಿ ಎಂಬ ಇನ್‌ಸ್ಟ್ರಕ್ಟರು ಆಳುತ್ತಿದ್ದರು. ಚತ್ವಾರಿಂಶದ್ಗಣಕಯಂತ್ರಪರಿವೃತ, ಪ್ರಿಂಟರ್‌ಪೀಡಿತವಿದ್ಯಾರ್ಥಿಸಂತ್ರಾಣದಕ್ಷ, ವೈರಸ್ಸಂಹಾರೈಕದೀಕ್ಷಿತ, ಗಿರ್ಮಿಟ್ಟುಪ್ರಿಯ! ಐವತ್ತೆರಡು ವರ್ಷ, ದಪ್ಪ ಕನ್ನಡಕ, ಜೇಬಿನಲ್ಲಿ ಸದಾ ಒಂದು ಟೆಸ್ಟರು. ಆ ಟೆಸ್ಟರನ್ನು ಅವರು ಸೊಂಟದ ಖಡ್ಗದಂತೆ ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಆ ಲ್ಯಾಬಿನಲ್ಲಿ ಹೆಸರುಗಳಿಗೆ ಕೊರತೆಯಿರಲಿಲ್ಲ. ಕಲ್ಲಿನ ಫಲಕದಲ್ಲಿ ಉದ್ಘಾಟಿಸಿದವರ ಹೆಸರು. ಮರದ ಹಲಗೆಯಲ್ಲಿ ಹನ್ನೊಂದು ಮಂದಿ ಪ್ರಾಚಾರ್ಯರ ಹೆಸರು. ಫ್ಯಾನಿನ ಮೂರೂ ರೆಕ್ಕೆಗಳ ಮೇಲೆ ದಾನ ಕೊಟ್ಟವರ ಹೆಸರು. ಫ್ಯಾನು ತಿರುಗುವಾಗ ಅದನ್ನು ಓದಲಾಗುವುದಿಲ್ಲ, ನಿಂತಾಗ ಸೆಕೆಗೆ ಓದುವ ಮನಸ್ಸಿರುವುದಿಲ್ಲ, ಆದರೂ ಹೆಸರು ಹೆಸರೇ. ಇಪ್ಪತ್ತಾರು ವರ್ಷ ಅಲ್ಲಿನ ಧೂಳು ಕುಡಿದ ಚನ್ನವೀರರ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿತ್ತು, ಅದೂ ಪೆನ್ಸಿಲಿನಲ್ಲಿ. ಇದು ಅವರ ಎದೆಯೊಳಗಿನ ಮುಳ್ಳು. ಯಾರಿಗೂ ಹೇಳುತ್ತಿರಲಿಲ್ಲ, ಆದರೆ ಫ್ಯಾನು ನಿಂತಾಗಲೆಲ್ಲ ತಲೆಯೆತ್ತಿ ನೋಡುತ್ತಿದ್ದರು.

ಈಗ ಆಯುಧದ ವರ್ಣನೆ. ಜಗತ್ತಿನ ಕಂಪ್ಯೂಟರುಗಳನ್ನೆಲ್ಲ ಎರಡು ಮೂರು ದೊಡ್ಡ ಆಪರೇಟಿಂಗ್ ಸಿಸ್ಟಮ್ಮುಗಳು ಹಂಚಿಕೊಂಡು ತಿನ್ನುತ್ತಿರುವಾಗ, ಉತ್ತರದ ಹಿಮದೇಶವೊಂದರಲ್ಲಿ ಯೂಹಾ ಎಂಬ ತಪಸ್ವಿಯು ತನ್ನದೇ ಒಂದನ್ನು ಸೃಷ್ಟಿಸಿದ್ದನು. ಅದರ ಲಾಂಛನ ಆಮೆ. ಹೆಸರು ನಮ್ಮ ನಾಲಗೆಗೆ ತೊಡಕಾದ್ದರಿಂದ ಈ ಗಾಥೆಯಲ್ಲಿ ಅದು ಕೂರ್ಮತಂತ್ರ. ಅದನ್ನು ಬಳಸುವವರು ಭೂಮಂಡಲದಲ್ಲಿ ಒಟ್ಟು ಅರವತ್ತಮೂರು ಮಂದಿ. ಅವರಲ್ಲಿ ಇಬ್ಬರು ಅಣ್ಣತಮ್ಮಂದಿರು, ಮಾತು ಬಿಟ್ಟಿದ್ದಾರೆ. ಆ ತಂತ್ರದ ಸೋರ್ಸ್ ಕೋಡು, ಅಂದರೆ ಅದನ್ನು ಕಟ್ಟಿದ ಮೂಲಬರಹ, ಯೂಹಾನ ಮನೆಯ ಕಂಪ್ಯೂಟರಿನಲ್ಲಿತ್ತು. ಅದು ಸುಟ್ಟುಹೋದರೆ ಗತಿಯೇನು? ಆದ್ದರಿಂದ ದೇಶದೇಶಗಳಲ್ಲಿ ಅದರ ಯಥಾವತ್ ನಕಲನ್ನು ಇಟ್ಟು, ಕೇಳಿದವರಿಗೆ ಕೊಡುವ ಯಂತ್ರಗಳಿರುತ್ತವೆ. ಅವಕ್ಕೆ ಮಿರರ್ ಅನ್ನುತ್ತಾರೆ, ನಾವು ಕನ್ನಡಿ ಎನ್ನೋಣ. ಕನ್ನಡಿ ಇಟ್ಟವರ ಪಟ್ಟಿಯೊಂದನ್ನು ಯೂಹಾ ಪ್ರಕಟಿಸಿದ್ದನು: ಊರು, ದೇಶ, ನಿರ್ವಾಹಕರ ಹೆಸರು. ಆ ಪಟ್ಟಿಯನ್ನು ಕಂಡ ದಿನ ಚನ್ನವೀರರಿಗೆ ಊಟ ಸೇರಲಿಲ್ಲ.

ಪಟ್ಟಿ ಸೇರಲು ಒಂದೇ ನಿಯಮ. ಏಳು ದಿನ ಪರ್ಯಂತ ಪ್ರತಿ ಕಾಲು ಗಂಟೆಗೊಮ್ಮೆ ಯೂಹಾನ ಯಂತ್ರವು ಬಂದು "ಇದ್ದೀಯಾ?" ಎಂದು ಕೇಳುವುದು, ನಮ್ಮ ಯಂತ್ರವು "ಇದ್ದೇನೆ" ಎನ್ನಬೇಕು. ಒಮ್ಮೆ ಸುಮ್ಮನಾದರೂ ವ್ರತಭಂಗ. ಒಬ್ಬರಿಗೆ ಮೂರೇ ಅರ್ಜಿ, ಆಮೇಲೆ ಆ ಬಾಗಿಲು ಶಾಶ್ವತವಾಗಿ ಬಂದ್. ಚನ್ನವೀರರ ಮೊದಲ ವ್ರತವನ್ನು ಕಸ ಗುಡಿಸುವ ಪೊರಕೆ ಕೆಡಿಸಿತ್ತು, ಎರಡನೆಯದನ್ನು ಇಲಿ. ಇದು ಮೂರನೆಯದು, ಕಡೆಯದು. ಸ್ಟಾಫ್ ರೂಮಿನಲ್ಲಿ ಗಿರ್ಮಿಟ್ಟು ಮಂಡಕ್ಕಿಯ ಪೊಟ್ಟಣವನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ನಭಕ್ಕೆತ್ತಿ ಅವರು ಗರ್ಜಿಸಿದ್ದರು: "ಕೇಳಿರಿ ಎಲೈ ಸಹೋದ್ಯೋಗಿಗಳಿರಾ! ಲಂಡನ್ನು, ಟೋಕಿಯೋಗಳ ಪಕ್ಕದಲ್ಲಿ ಗದಗವೆಂಬ ನಾಮಧೇಯವು ವಿಶ್ವಪಟದಲ್ಲಿ ವಿರಾಜಿಸದಿದ್ದರೆ ನಾನು ಮೆಣಸಿನಕಾಯಿ ಭಜಿಯನ್ನು ಇನ್ನು ಮುಟ್ಟುವವನಲ್ಲ!" ಆಮೇಲೆ ಮನೆಗೆ ಹೋಗಿ ಅರ್ಜಿಯ ಫಾರ್ಮು ತುಂಬಿದರು. ಇಪ್ಪತ್ತಾರು ವರ್ಷ ಸರ್ಕಾರಿ ಅರ್ಜಿ ತುಂಬಿ ಪಳಗಿದ ಕೈ, ಒಂದು ಖಾನೆಯನ್ನೂ ಖಾಲಿ ಬಿಡಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ವ್ರತಾರಂಭವಾಯಿತು. ಆರು ದಿನ ನಿರ್ವಿಘ್ನ. ಕರೆಂಟು ಹೋದಾಗ ಯುಪಿಎಸ್ಸು ಕಾಯಿತು, ಇಲಿ ಬಂದಾಗ ಬೋನು ಕಾಯಿತು. ಮುಂದಿನ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಏಳು ದಿನ ತುಂಬಿ ಮೋಕ್ಷ. ಆದರೆ, ಅಯ್ಯೋ ವಿಧಿಯೇ, ಆ ಗುರುವಾರವೇ ಪಾಲಿಟೆಕ್ನಿಕ್ಕಿನ ಖಂಡೇಪೂಜೆ! ಆಯುಧಗಳಿಗೆಲ್ಲ ಕುಂಕುಮವಿಟ್ಟು, ಹೂವೇರಿಸಿ, ವಿಶ್ರಾಂತಿ ಕೊಡುವ ದಿನ. ಯಾವ ಯಂತ್ರವೂ ತಿರುಗಕೂಡದು, ಯಾವ ಬಲ್ಬೂ ಮಿನುಗಕೂಡದು. ಈ ಧರ್ಮದ ರಕ್ಷಕಿಯಾಗಿ ಇಪ್ಪತ್ತೊಂಬತ್ತು ವರ್ಷಗಳಿಂದ ನಿಂತಿದ್ದವಳು ಲ್ಯಾಬಿನ ಅಟೆಂಡರ್ ನೀಲವ್ವ ಹೊಂಬಳ. ಕೀಲಿಕೈಗೊಂಚಲಕಟಿಸೂತ್ರಧಾರಿಣಿ, ಮೇನ್‌ಸ್ವಿಚ್ಚಿನ ಮಹಾರಾಣಿ!

ಬೆಳಗ್ಗೆ ಹತ್ತೂವರೆಗೆ ಅವಳು ಇಳಕಲ್ ಸೀರೆಯುಟ್ಟು, ಕೈಯಲ್ಲಿ ಚೆಂಡುಹೂವಿನ ಬುಟ್ಟಿ ಹಿಡಿದು ಲ್ಯಾಬು ಹೊಕ್ಕಳು. ಮೂವತ್ತೊಂಬತ್ತು ಕಂಪ್ಯೂಟರುಗಳು ತಲೆ ತಗ್ಗಿಸಿ ಮಲಗಿದ್ದವು. ಮೂಲೆಯಲ್ಲೊಂದು ಮಾತ್ರ ಹಸಿರು ಕಣ್ಣು ಮಿಟುಕಿಸುತ್ತ ಗುರ್ ಎನ್ನುತ್ತಿತ್ತು, ಅದರ ಮುಂದೆ ಎರಡೂ ಕೈ ಚಾಚಿ ಚನ್ನವೀರರು ನಿಂತಿದ್ದರು.

"ಸರ, ಸರೀರಿ," ಎಂದಳು ನೀಲವ್ವ. "ಬಂದ್ ಮಾಡ್ತೀನಿ."

"ನೀಲವ್ವ, ನಿನಗ ಕೈ ಮುಗೀತೀನಿ ಬೇ. ಹನ್ನೆರಡರ ತನಕ ಬಿಡು."

"ಹನ್ನೊಂದೂವರಿಗೆ ಮುಹೂರ್ತ ಐತ್ರಿ. ಪೂಜಿ ದಿನ ಮಷೀನ ದುಡೀಬಾರದು. ನಾ ವರ್ಕ್‌ಶಾಪಿನ್ಯಾಗ ಇದ್ದಾಗ ಒಬ್ರು ಹಿಂಗ ಹಟಾ ಮಾಡಿ ಲೇತ್ ಚಾಲೂ ಮಾಡಿದ್ರು. ಬೆರಳ ತುದಿ ಹೋತು. ಆ ತುದಿ ಹುಡುಕಿ ಕೊಟ್ಟಾಕಿ ನಾನ."

ಹೀಗೆ ನುಡಿದು ಅವಳು ಒಂದು ಹೆಜ್ಜೆ ಮುಂದಿಟ್ಟಳು. ಚನ್ನವೀರರು ಅಲ್ಲಾಡಲಿಲ್ಲ. ದಿಗ್ಗಜಗಳು ಉಸಿರು ಹಿಡಿದವು, ಅಂದರೆ ಕಿಟಕಿಯಲ್ಲಿ ಇಣುಕುತ್ತಿದ್ದ ಸಿವಿಲ್ ವಿಭಾಗದವರು ಚಹ ಕುಡಿಯುವುದನ್ನು ನಿಲ್ಲಿಸಿದರು. ಆಗ ನಮ್ಮ ನಾಯಕನು ತರ್ಕವೆಂಬ ದಿವ್ಯಾಸ್ತ್ರವನ್ನು ಹೂಡಿದನು.

"ಇದು ದುಡ್ಯಾಕತ್ತಿಲ್ಲ ಬೇ! ಸುಮ್ಮ ಕುಂತೈತಿ!"

"ಸುಮ್ಮ ಕುಂತಿದ್ರ ಬಂದ್ ಮಾಡಾಕ ಏನು ತ್ರಾಸ್ರಿ?"

ಅಸ್ತ್ರವು ತಿರುಗಿ ಬಂದು ಬಿಟ್ಟವನ ಎದೆಗೇ ನಾಟಿತು. ಯಂತ್ರ ಕೆಲಸ ಮಾಡುತ್ತಿದೆ ಎಂದರೆ ಪೂಜೆಗೆ ಅಪಚಾರ. ಮಾಡುತ್ತಿಲ್ಲ ಎಂದರೆ ಉರಿಸುವುದು ವ್ಯರ್ಥ. ಇಂಥ ಚಕ್ರವ್ಯೂಹವನ್ನು ಹೊಂಬಳದ ಹೆಣ್ಣುಮಗಳೊಬ್ಬಳು ಎರಡೇ ಉಸಿರಿನಲ್ಲಿ ಕಟ್ಟಿಬಿಟ್ಟಳು, ಭಪ್ಪರೆ!

"ಆಗ್ಲಿ ಬಿಡ್ರಿ," ಎಂದಳು ನೀಲವ್ವ, ಸ್ವಲ್ಪ ಮೆತ್ತಗಾಗಿ. "ಇದು ಮಾಡೂದಾದ್ರೂ ಏನು? ಎಷ್ಟು ಮಂದಿ ಬಂದು ಒಯ್ದಾರ?"

ಚನ್ನವೀರರು ಕೀಲಿಮಣೆ ಒತ್ತಿ, ಏಳು ದಿನದ ದಾಖಲೆ ತೆರೆದರು. ಸಾಲು ಸಾಲಾಗಿ ಬಂದಿದ್ದವನು ಒಬ್ಬನೇ, ಯೂಹಾನ ಯಂತ್ರ. ಕೋಡು ಬೇಕೆಂದು ಬಂದ ಮನುಷ್ಯಪ್ರಾಣಿ ಒಂದೂ ಇರಲಿಲ್ಲ.

"ಯಾರೂ ಒಯ್ದಿಲ್ಲ," ಎಂದರು ಸಣ್ಣ ದನಿಯಲ್ಲಿ. "ಕಾಲು ತಾಸಿಗೊಮ್ಮೆ ಒಬ್ಬಾಂವ ಬಂದು 'ಇದ್ದೀಯೇನು' ಅಂತ ಕೇಳ್ತಾನ. ಇದು 'ಇದ್ದೀನಿ' ಅಂತೈತಿ."

"ಅಷ್ಟನ?"

"ಅಷ್ಟ."

"ಇದಕ್ಕ ಇಷ್ಟ್ಯಾಕ ಜೀವಾ ಬಿಡ್ತೀರಿ ಸರ?"

ಆಗ ಚನ್ನವೀರರು ಯಾರಿಗೂ ಹೇಳದ್ದನ್ನು ಹೇಳಿದರು. "ಹೊರಗ ಒಂದು ಪಟ್ಟಿ ಐತಿ ನೀಲವ್ವ. ಅದರಾಗ ನನ್ನ ಹೆಸರು ಬರತೈತಿ. ಇಲ್ಲಿ ಆ ಫ್ಯಾನಿಗೂ ಹೆಸರದಾವ. ನನಗ ಎಲ್ಲೀ ಇಲ್ಲ."

ನೀಲವ್ವ ತಲೆಯೆತ್ತಿ ಫ್ಯಾನು ನೋಡಿದಳು. ವರ್ಷಗಟ್ಟಲೆ ಅದರ ಧೂಳು ಒರೆಸಿದವಳು ಅವಳು; ಅವಳ ಹೆಸರೂ ಅಲ್ಲಿರಲಿಲ್ಲ. ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಧರ್ಮಸೂಕ್ಷ್ಮದ ತೀರ್ಪು ಕೊಟ್ಟಳು.

"ಏನೂ ಕೊಡಂಗಿಲ್ಲ, ಏನೂ ತೊಗೊಳ್ಳಂಗಿಲ್ಲ, 'ಇದ್ದೀನಿ' ಅಂತ ಉರೀತಿರತೈತಿ ಅಂದ್ರ ಇದು ಮಷೀನ ಅಲ್ರಿ ಸರ, ನಂದಾದೀಪ. ಪೂಜಿ ದಿನ ನಂದಾದೀಪ ಆರಸಬಾರದು. ಮೇನ್ ಇಳಸೂದು ಮಾತ್ರ ನಾ ಬಿಡಂಗಿಲ್ಲ. ಇದು ಬ್ಯಾಟರಿ ಮ್ಯಾಲ ಉರೀಲಿ."

ಪುಷ್ಪವೃಷ್ಟಿಯಾಯಿತು, ಚೆಂಡುಹೂವಿನ ಬುಟ್ಟಿ ಮೇಜಿನಿಂದ ಜಾರಿ ಬಿದ್ದಿತ್ತು. ಹನ್ನೊಂದೂಕಾಲಿಗೆ ಮೇನ್ ಸ್ವಿಚ್ಚು ಇಳಿಯಿತು. ಹನ್ನೊಂದೂವರೆಗೆ ಪ್ರಾಚಾರ್ಯ ಮುದೇನಗುಡಿಯವರು ರೇಷ್ಮೆ ಶಲ್ಯ ಹೊದ್ದು ಬಂದರು. ಯುಪಿಎಸ್ಸಿನ ಬಲದಿಂದ ಕನ್ನಡಿಯು ಬೆಳಗುತ್ತಿತ್ತು, ಹಣೆಗೆ ಕುಂಕುಮ, ತಲೆಗೆ ಹೂವು. ಹನ್ನೊಂದೂ ಮುಕ್ಕಾಲಿಗೆ ಯೂಹಾನ ಯಂತ್ರ ಕೇಳಿತು, ನಮ್ಮದು "ಇದ್ದೇನೆ" ಎಂದಿತು. ಉಳಿದದ್ದು ಒಂದೇ ಪ್ರಶ್ನೆ.

"ಕಾಯಿ ಯಾರು ಒಡೀತೀರಿ?" ಎಂದರು ಪ್ರಾಚಾರ್ಯರು.

"ಈ ವರ್ಷ ಅಸುಂಡಿ ಸರ ಒಡೀಲಿ," ಎಂದಳು ನೀಲವ್ವ, ಔದಾರ್ಯದಿಂದ.

ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿ ಕಾಯಿ ಕೈಗೆ ಬಂದಿತ್ತು. ವೀರಾವೇಶ ತಡೆಯಲುಂಟೆ? ಚನ್ನವೀರರು ಅದನ್ನು ತಲೆಯ ಮೇಲೆತ್ತಿ, ಇಪ್ಪತ್ತಾರು ವರ್ಷದ ಸಿಟ್ಟನ್ನೆಲ್ಲ ತೋಳಿಗೆ ತಂದು, ನೆಲದ ಕಲ್ಲಿಗೆ ಅಪ್ಪಳಿಸಿದರು. ಕಾಯಿ ನುಚ್ಚುನೂರು! ನೀರು ಚಿಮ್ಮಿ, ಕಮಾನು ಕಟ್ಟಿ, ನೆಲದ ಮೇಲೆ ಮಲಗಿದ್ದ ಯುಪಿಎಸ್ಸಿನ ಎಕ್ಸ್‌ಟೆನ್ಶನ್ ಬೋರ್ಡಿನೊಳಗೆ ನೇರ ಇಳಿಯಿತು. ಚಿಟ್ ಎಂದಿತು. ಹಸಿರು ಕಣ್ಣು ಮುಚ್ಚಿತು.

"ಅಯ್ಯಯ್ಯೋ ನಾನ ಕೊಂದೆ!" ಎಂದು ಚನ್ನವೀರರು ಕುಸಿದು ಕುಳಿತರು.

ಗಡಿಯಾರದಲ್ಲಿ ಹನ್ನೊಂದು ನಲವತ್ತಾರು. ಕೂರ್ಮತಂತ್ರ ಎಚ್ಚರಗೊಳ್ಳಲು ಹನ್ನೆರಡು ನಿಮಿಷ ಬೇಕು. ಆಮೆಯ ಲಾಂಛನ ಸುಮ್ಮನೆ ಇಟ್ಟದ್ದಲ್ಲ. ಗೋಡೆಯಲ್ಲಿ ಪ್ರಾಚಾರ್ಯರು ದಿನಾ ಬಂದು ಚಹ ಕಾಯಿಸುವ ಕೆಟಲಿನ ಪ್ಲಗ್ಗು ಒಣಗಿಯೇ ಇತ್ತು, ಆದರೆ ಮೇನ್ ಇಳಿದಿತ್ತು, ಮಂಗಳಾರತಿ ಇನ್ನೂ ಆಗಿರಲಿಲ್ಲ. ಮಂಗಳಾರತಿಗೆ ಮೊದಲು ಮೇನ್ ಎತ್ತಿದ ಇತಿಹಾಸ ಇಪ್ಪತ್ತೊಂಬತ್ತು ವರ್ಷದಲ್ಲಿ ಇರಲಿಲ್ಲ.

ನೀಲವ್ವ ಒಂದು ಕ್ಷಣ ದೇವರ ಪಟ ನೋಡಿದಳು, ಒಂದು ಕ್ಷಣ ನೆಲದ ಮೇಲೆ ಕುಳಿತ ಮನುಷ್ಯನನ್ನು. "ತಪ್ಪಾತು ತಾಯಿ, ದೀಪ ಹಚ್ಚಾಕ ಹೊಂಟೀನಿ," ಎಂದು ಕೈಮುಗಿದು, ಓಡಿಹೋಗಿ ಮೇನ್ ಎತ್ತಿದಳು. ಪ್ರಾಚಾರ್ಯರ ಕಣ್ಣೆದುರೇ ಅವರ ಕೆಟಲಿನ ಪ್ಲಗ್ಗು ಕಿತ್ತೆಸೆದು, ಕಂಪ್ಯೂಟರಿನ ಪ್ಲಗ್ಗು ತುರುಕಿದಳು. ಹನ್ನೊಂದು ನಲವತ್ತೇಳು! ಪರದೆಯ ಮೇಲೆ ಆಮೆ ಕಾಣಿಸಿತು, ಅದರ ಮುಂದೊಂದು ಬೇಲಿ; ಅದು ದಾಟಿದರೆ ತಂತ್ರಕ್ಕೆ ಎಚ್ಚರ. ಆಮೆ ಒಂದು ಕಾಲು ಎತ್ತಿತು. ಐದು ನಿಮಿಷದ ಮೇಲೆ ಇನ್ನೊಂದು ಕಾಲು. "ನಡಿಯಲೇ, ನಡಿಯಲೇ!" ಎಂದು ಸಿವಿಲ್ ವಿಭಾಗವೆಲ್ಲ ಕಿಟಕಿಯಲ್ಲಿ ಕೂಗಿತು. ಆರತಿ ತಟ್ಟೆ ಹಿಡಿದ ಪ್ರಾಚಾರ್ಯರು, ಯಾವ ದೇವರೆಂದು ತಿಳಿಯದೆ, ಆಮೆಗೇ ಬೆಳಗತೊಡಗಿದರು. ಹನ್ನೊಂದು ಐವತ್ತೊಂಬತ್ತಕ್ಕೆ ಆಮೆ ಬೇಲಿ ದಾಟಿತು. ಹನ್ನೆರಡಕ್ಕೆ ಹಿಮದೇಶದಿಂದ ಪ್ರಶ್ನೆ ಬಂದಿತು. "ಇದ್ದೇನೆ" ಎಂದಿತು ಗದಗ.

ಜಯಘೋಷ! ಜಾಗಟೆ! ಸಿವಿಲ್ಲಿನವರ ಸಿಳ್ಳೆ! ಚನ್ನವೀರರು ನೀಲವ್ವನ ಕಾಲಿಗೆ ಬೀಳಲು ಹೋದರು, ಅವಳು "ಏ, ಸರ, ಹುಚ್ಚರಂಗ ಮಾಡಬ್ಯಾಡ್ರಿ," ಎಂದು ಹಾರಿ ನಿಂತಳು. ಅರ್ಧ ಗಂಟೆಯಲ್ಲಿ ಪಟ್ಟಿ ಪ್ರಕಟವಾಯಿತು. ಎಲ್ಲರೂ ಪರದೆಗೆ ಮುಗಿಬಿದ್ದರು. ಚನ್ನವೀರರು ಕನ್ನಡಕ ಒರೆಸಿ, ಗಟ್ಟಿಯಾಗಿ ಓದಿದರು.

"ಗದಗ, ಭಾರತ. ನಿರ್ವಾಹಕರು: ಪ್ರಾಚಾರ್ಯರು, ವಿ. ಎಸ್. ಮುದೇನಗುಡಿ."

ಇಪ್ಪತ್ತಾರು ವರ್ಷ ಯಾವ ಕಾಗದ ಬರೆದರೂ ಪ್ರಾಚಾರ್ಯರ ಮುಖಾಂತರವೇ ಕಳಿಸಿದ್ದ ಕೈ ಅದು. ಭಜಿಯ ಪ್ರತಿಜ್ಞೆಯ ರಾತ್ರಿ ಫಾರ್ಮಿನಲ್ಲಿ ಹೆಸರಿನ ಖಾನೆ ಬಂದಾಗಲೂ, ಮಾಲಿಕನನ್ನು ಕೇಳದೆ, ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ತುಂಬಿಬಿಟ್ಟಿತ್ತು. ತಿದ್ದಬೇಕೆಂದರೆ ಹೊಸ ಅರ್ಜಿ, ಮೂರು ಸಲದ ಲೆಕ್ಕ ಮುಗಿದಿತ್ತು.

"ಛಲೋ ಆತಲ್ರಿ!" ಎಂದರು ಮುದೇನಗುಡಿಯವರು, ಇದೇನೆಂದು ಅರ್ಥವಾಗದಿದ್ದರೂ ಸಂತೋಷದಿಂದ. ಪ್ರಸಾದದ ಕೊಬ್ಬರಿ ತೆಗೆದುಕೊಂಡು ಹೊರಟುಹೋದರು. ಜನ ಚದುರಿತು. ಚನ್ನವೀರರು ಕೊಬ್ಬರಿಯ ಚೂರು ಹಿಡಿದು ಫ್ಯಾನನ್ನೇ ನೋಡುತ್ತ ಕುಳಿತರು.

ನೀಲವ್ವ ಕಪಾಟು ತೆಗೆದು, ಕಂಪ್ಯೂಟರುಗಳಿಗೆ ನಂಬರು ಹಾಕುವ ಕೆಂಪು ಬಣ್ಣದ ಡಬ್ಬಿಯನ್ನೂ ಕುಂಚವನ್ನೂ ತಂದಳು. ಕೆಟಲಿನಿಂದ ಕಿತ್ತುಕೊಂಡ ಆ ಪ್ಲಗ್ಗಿನ ಮೇಲಿನ ಗೋಡೆಯಲ್ಲಿ, ಏಳನೇ ಇಯತ್ತೆಯವರೆಗೆ ಓದಿದ ದುಂಡಗಿನ ಅಕ್ಷರದಲ್ಲಿ ಬರೆದಳು: "ಈ ಸ್ವಿಚ್ ಯಾರೂ ಮುಟ್ಟಬಾರದು. ಚನ್ನವೀರ ಅಸುಂಡಿ ಸರ್ ಅವರದು."

ಚನ್ನವೀರರು ಎದ್ದು ಬಂದು ಓದಿದರು, ಇನ್ನೊಮ್ಮೆ ಓದಿದರು. ಬಣ್ಣ ಒಣಗುವ ಮೊದಲೇ ಬೆರಳಿಟ್ಟು ಮುಟ್ಟಿದರು, ಬೆರಳು ಕೆಂಪಾಯಿತು. "ನೀಲವ್ವ, ಭಜಿ ತರಿಸ್ತೀನಿ, ಕುಂದರು," ಎಂದರು.

ರಜೆ ಮುಗಿದ ಸೋಮವಾರ ಪ್ರಾಚಾರ್ಯ ಮುದೇನಗುಡಿಯವರು ಕೆಟಲು ಹಿಡಿದು ಆ ಪ್ಲಗ್ಗಿಗೆ ಬಂದರು. ಗೋಡೆ ಓದಿದರು. ಕೆಟಲನ್ನು ಎತ್ತಿಕೊಂಡು, ಸದ್ದಿಲ್ಲದೆ ಎರಡನೇ ನಂಬರಿನ ಲ್ಯಾಬಿಗೆ ಹೋದರು.